ಹಿಸ್ಟೋನ್ ಬಾಲದ 27ನೇ ಲೈಸೀನ್

ಎಂಟು ಹಿಸ್ಟೋನ್ ಪ್ರೋಟೀನುಗಳ ಉಂಡೆಗೆ ಸುಮಾರು 147 ಬೇಸ್ ಜೋಡಿ ಡಿಎನ್‌ಎ ಸುತ್ತಿಕೊಂಡರೆ ಒಂದು ನ್ಯೂಕ್ಲಿಯೋಸೋಮ್. ಉಂಡೆಯಿಂದ ಹೊರಚಾಚಿದ ಬಾಲಗಳಲ್ಲಿ ಲೈಸೀನ್ ಎಂಬ ಧನಾವೇಶದ ಅಮೈನೋ ಆಮ್ಲಗಳಿವೆ. ಅಸಿಟೈಲ್ ಗುಂಪು ಸೇರಿದರೆ ಆ ಆವೇಶ ಹೋಗಿ ಡಿಎನ್‌ಎ ಮೇಲಿನ ಹಿಡಿತ ಸಡಿಲವಾಗುತ್ತದೆ. ಅಸಿಟೈಲ್ ಗುರುತನ್ನು ಹಿಡಿಯುವ ಬ್ರೋಮೋಡೊಮೇನ್ ಎಂಬ ಭಾಗ ಇರುವ ಪ್ರೋಟೀನುಗಳೂ ಬಂದು ಕೂರುತ್ತವೆ. ಮೀಥೈಲ್ ಗುಂಪು ಆವೇಶವನ್ನು ಬದಲಿಸುವುದಿಲ್ಲ. ಅಲ್ಲಿ ಮುಖ್ಯವಾಗುವುದು ಅದು ಯಾವ ಲೈಸೀನ್ ಮೇಲಿದೆ ಎಂಬುದು.

ಎಚ್3 ಎಂಬ ಹಿಸ್ಟೋನ್‌ನ 27ನೇ ಸ್ಥಾನದ ಲೈಸೀನನ್ನೇ ನೋಡಿ. ಪಿಆರ್‌ಸಿ2 ಎಂಬ ಕಿಣ್ವ ಸಂಕೀರ್ಣ ಅದಕ್ಕೆ ಮೂರು ಮೀಥೈಲ್ ಹಚ್ಚಿದರೆ ಜೀನ್ ಸಾಮಾನ್ಯವಾಗಿ ಮೌನ. ಪಿ300 ಎಂಬ ಕಿಣ್ವ ಅಸಿಟೈಲ್ ಹಚ್ಚಿದರೆ ಅದು ಸಕ್ರಿಯ ಎನ್‌ಹಾನ್ಸರ್‌ನ (ಜೀನ್ ಚಟುವಟಿಕೆ ಹೆಚ್ಚಿಸುವ ಡಿಎನ್‌ಎ ತುಣುಕಿನ) ಗುರುತು. ಒಂದೇ ಲೈಸೀನ್ ಮೇಲೆ ಎರಡೂ ಒಟ್ಟಿಗೆ ಇರಲಾರವು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದೇ.

ಈ ಗುರುತುಗಳು ಡಿಎನ್‌ಎಯ ಯಾವ ಜಾಗದಲ್ಲಿವೆ ಎಂದು ಆಂಟಿಬಾಡಿಯಿಂದ ಹುಡುಕುವ ಚಿಪ್ (ChIP) ಪ್ರಯೋಗದಲ್ಲಿ, ಪ್ರೋಟೀನನ್ನು ಡಿಎನ್‌ಎಗೆ ಬೆಸೆಯಲು ಕೋಶಗಳಿಗೆ ಶೇ. 1 ಫಾರ್ಮಾಲ್ಡಿಹೈಡ್ 10 ನಿಮಿಷ ಸಾಕು, ನಂತರ 125 ಮಿಲಿಮೋಲಾರ್ ಗ್ಲೈಸೀನ್ ಹಾಕಿ ನಿಲ್ಲಿಸಿ. ಹೊತ್ತು ಮೀರಿದರೆ ಕ್ರೊಮಾಟಿನ್ (ಡಿಎನ್‌ಎ–ಹಿಸ್ಟೋನ್ ಎಳೆ) 200–500 ಬೇಸ್ ಜೋಡಿಗಳ ತುಂಡಾಗುವುದಿಲ್ಲ, ಆಂಟಿಬಾಡಿ ಹಿಡಿಯಬೇಕಾದ ಜಾಗವೂ ಮುಚ್ಚಿಹೋಗುತ್ತದೆ. ಅಸಿಟೈಲ್ ಗುರುತು ಹುಡುಕುವಾಗ ಬಫರ್‌ಗೆ ಸೋಡಿಯಂ ಬ್ಯುಟಿರೇಟ್ ಸೇರಿಸಿ. ಇಲ್ಲವಾದರೆ ಅಸಿಟೈಲ್ ತೆಗೆಯುವ ಡಿಅಸಿಟೈಲೇಸ್ ಕಿಣ್ವಗಳು ಗುರುತನ್ನು ಅಳಿಸಬಹುದು.

ಆಂಟಿಬಾಡಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. 9ನೇ ಮತ್ತು 27ನೇ ಲೈಸೀನ್‌ಗಳೆರಡೂ ಅಲನೀನ್–ಆರ್ಜಿನೀನ್–ಲೈಸೀನ್–ಸೆರೀನ್ ಎಂಬ ಒಂದೇ ಸಾಲಿನಲ್ಲಿವೆ, ಹಾಗಾಗಿ ಒಂದರ ಆಂಟಿಬಾಡಿ ಇನ್ನೊಂದಕ್ಕೂ ಅಂಟಬಹುದು. ಮೊದಲು ಪೆಪ್ಟೈಡ್ ಡಾಟ್ ಬ್ಲಾಟ್ ಮಾಡಿ, ಅಂದರೆ ಬೇರೆ ಬೇರೆ ಗುರುತಿನ ಪೆಪ್ಟೈಡ್ ಚುಕ್ಕೆಗಳಲ್ಲಿ ಆಂಟಿಬಾಡಿ ಯಾವುದಕ್ಕೆ ಅಂಟುತ್ತದೆ ನೋಡಿ. ಫಲಿತಾಂಶವನ್ನು ಒಟ್ಟು ಎಚ್3 ಜೊತೆ ಹೋಲಿಸಿ: ಸಂಕೇತ ಕಡಿಮೆಯಾಗಲು ಅಲ್ಲಿ ನ್ಯೂಕ್ಲಿಯೋಸೋಮೇ ಇಲ್ಲದಿರುವುದೂ ಕಾರಣವಿರಬಹುದು.