ಬರ್ಬನ್ ಪೀಪಾಯಿ ಬಿಯರ್ರಿಗೆ ಲೈನ್ ಬಜಾರ್ ಪೇಡಾ

ಬಾಸ್ಟನ್‌ದಾಗ ಇರೂ ದೋಸ್ತ ಈ ಸಲ ಮಳಿಗಾಲದಾಗ ಧಾರವಾಡಕ್ಕ ಬಂದಾಗ ಜೀನ್ಸ್ ಪ್ಯಾಂಟಿನ್ಯಾಗ ಸುತ್ತಿಟ್ಟು ಒಂದು ದೊಡ್ಡ ಬಿಯರ್ ಬಾಟ್ಲಿ ತಂದಿದ್ದ. ಅಲಗ್ಯಾಶ್ ಬ್ರೂವರಿದು, ಹೆಸರು ಕ್ಯೂರಿಯೂ. ಬ್ರೂವರಿ ಇರೂದು ಅಮೆರಿಕಾದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ್ಯಾಗ, ಆದ್ರ ಬಿಯರ್ ಮಾಡೂ ಪದ್ಧತಿ ಬೆಲ್ಜಿಯಂದು. ಟ್ರಿಪೆಲ್ ಅಂತಾರ ಈ ಥರದ ಬಂಗಾರ ಬಣ್ಣದ ಸ್ಟ್ರಾಂಗ್ ಬಿಯರ್ರಿಗೆ, ಬೆಲ್ಜಿಯಂದಾಗ ವೆಸ್ಟ್‌ಮಾಲ್ ಮಠದ ಸನ್ಯಾಸಿಗಳು ಆ ಹೆಸರಿಟ್ಟು ಮಾರಾಕ ಹತ್ತಿದ ಮ್ಯಾಲ ಎಲ್ಲಾ ಕಡೆ ಹಬ್ಬೇತಿ.

ನಮ್ಮ ಮೂರನೇ ದೋಸ್ತ ಹುಬ್ಬಳ್ಳ್ಯಾಗ ಹಾರ್ಡ್‌ವೇರ್ ಅಂಗಡಿ ನಡಸ್ತಾನ, ಅಂವಗ ಬಿಯರ್ ಅಂದ್ರ ಸ್ಟ್ರಾಂಗ್, ಸ್ಟ್ರಾಂಗ್ ಅಂದ್ರ ಹಲ್ಲು ಜುಮ್ ಅನ್ನೂವಷ್ಟು ಚಿಲ್ಡ್. ಬರೂಮುಂದ ಮಿರ್ಚಿ ಭಜಿ, ಗಿರ್ಮಿಟ್ ಕಟ್ಟಿಸ್ಕೊಂಡು ಬಂದಿದ್ದ. ಬಾಟ್ಲಿ ಫ್ರಿಜ್ಜಿನಿಂದ ತಗದು ಟೇಬಲ್ ಮ್ಯಾಲ ಸುಮ್ನ ಇಟ್ಟಿದ್ದು ನೋಡಿ ಅಂವಗ ತಡ್ಕೊಳ್ಳಾಕ ಆಗವಲ್ದು, "ಲೇ ಬಿಸಿ ಆಗ್ತದಲೇ ಅದು, ಒಡಿ ಲಗೂನ" ಅಂತ ಒಂದ ಸಮ ಗಂಟು ಬಿದ್ದ. "ಆಗ್ಲಿ ಬಿಡು, ಅದು ಆಗಬೇಕು" ಅಂದ ಬಾಸ್ಟನ್ ದೋಸ್ತ.

ಕಾಯೂ ಹೊತ್ತಿನ್ಯಾಗ ಇದು ಹುಟ್ಟಿದ ಕಥಿ ಹೇಳಿದ. 2004ರಾಗ ಆ ಬ್ರೂವರಿಗೆ ಬರಬೇಕಾಗಿದ್ದ ಖಾಲಿ ಬಾಟ್ಲಿ ಬರಲಿಲ್ಲಂತ, ಟ್ಯಾಂಕ್ ತುಂಬ ಟ್ರಿಪೆಲ್ ರೆಡಿ ಐತಿ, ಆ ಟ್ಯಾಂಕ್ ಬ್ಯಾರೆ ಬಿಯರ್ರಿಗೆ ಬೇಕು, ಏನ್ ಮಾಡೂದು ಅಂತ ಜಿಮ್ ಬೀಮ್ ಕಂಪನಿಯ ಬರ್ಬನ್, ಅಂದ್ರ ಅಮೆರಿಕಾದ ಮೆಕ್ಕಿಜೋಳದ ವಿಸ್ಕಿ, ಇಟ್ಟಿದ್ದ ಹಳೇ ಪೀಪಾಯಿದಾಗ ಸುರುವಿಬಿಟ್ರು! ಅಂಥಾ ಪೀಪಾಯಿ ಅಲ್ಲಿ ಸಿಗೂದಕ್ಕೂ ಕಾರಣ ಐತಿ, ಅಮೆರಿಕಾದ ಕಾಯ್ದೆ ಪ್ರಕಾರ ಬರ್ಬನ್ನನ್ನ ಒಳಗ ಸುಟ್ಟು ಕರಿ ಮಾಡಿದ ಹೊಸಾ ಓಕ್ ಪೀಪಾಯಿದಾಗನ ಇಡಬೇಕು, ಒಮ್ಮೆ ಬಳಸಿದ್ದು ಮತ್ತ ಬರ್ಬನ್ನಿಗೆ ಬರಂಗಿಲ್ಲ. ಹಂಗಾಗಿ ಅವು ಸ್ಕಾಟ್ಲೆಂಡಿಗೆ ಹೋಗ್ತಾವ, ರಮ್ ಮಾಡೋರಿಗೆ ಹೋಗ್ತಾವ, ಬಿಯರ್ ಮಾಡೋರಿಗೂ ಹೋಗ್ತಾವ. ಕಟಗಿ ಒಳಗ ಇಳದು ಕುಂತ ವಿಸ್ಕಿ, ಸುಟ್ಟ ಓಕಿನ ವೆನಿಲಾ, ಕೊಬ್ಬರಿಯಂಥಾ ವಾಸನಿ ಎಲ್ಲಾ ವಾರಗಟ್ಟಲೆ ಬಿಯರ್ರಿನ್ಯಾಗ ಬಿಡತದ. ಪೀಪಾಯಿದಾಗ ಇಟ್ಟಿದ್ದಕ್ಕ ಆಮ್ಯಾಲೆ ತಾಜಾ ಟ್ರಿಪೆಲ್ ಸ್ವಲ್ಪ ಕೂಡಸ್ತಾರ.

ಬಣ್ಣ ಬಂಗಾರದ್ದು, ಸ್ವಲ್ಪ ಮಬ್ಬು. ಮದುವ್ಯಾಗ ಉಡುಗೊರಿ ಬಂದು ಕಪಾಟಿನ್ಯಾಗ ಕುಂತಿದ್ದ ವೈನ್ ಗ್ಲಾಸಿಗೆ ಆವತ್ತ ಮೊದಲ ಸಲ ಕೆಲಸ ಸಿಕ್ತು. ಮೂಗು ಹತ್ರ ಒಯ್ದ್ರ ಮೊದಲು ವಿಸ್ಕಿ, ಹಿಂದಿಂದ ವೆನಿಲಾ, ಸ್ವಲ್ಪ ತಡದ್ರ ಕಳಿತ ಬಾಳಿಹಣ್ಣು. ಈ ಬಾಳಿಹಣ್ಣಿನ ವಾಸನಿ ಬೆಲ್ಜಿಯಂ ಯೀಸ್ಟಿಂದ ಬರೂದು, ಯಾರೂ ಹಣ್ಣು ಹಾಕಿರಂಗಿಲ್ಲ. ಬಾಯಾಗ ಹಗುರ ಐತಿ, ಅದ ನನಗ ಆಶ್ಚರ್ಯ ಆಗಿದ್ದು, ಯಾಕಂದ್ರ ಆಲ್ಕೋಹಾಲ್ 10 ಪರ್ಸೆಂಟ್ ದಾಟ್ಯದ, ನಮ್ಮ ಸ್ಟ್ರಾಂಗ್ ಬಿಯರ್ 8ರ ಒಳಗ. ಕುದಿಸೂಮುಂದ ಸಕ್ರಿ ಹಾಕ್ತಾರ ಇದಕ್ಕ, ಯೀಸ್ಟು ಅದನ್ನ ಪೂರಾ ತಿಂದು ಆಲ್ಕೋಹಾಲ್ ಮಾಡ್ತದ, ಬಿಯರ್ರು ಬಾಯಾಗ ದಪ್ಪ ಅನಸಂಗಿಲ್ಲ. ಸಕ್ರಿ ಹಾಕಿದ್ರ ಸಿಹಿ ಆಗ್ತದ ಅಂತ ತಿಳಕೊಂಡಿದ್ದ ಹಾರ್ಡ್‌ವೇರ್ ದೋಸ್ತ ಇದನ್ನ ನಂಬಲೇ ಇಲ್ಲ.

ಮಿರ್ಚಿ ಭಜಿ ಜೋಡಿ ಮಾತ್ರ ಬ್ಯಾಡೇ ಬ್ಯಾಡ. ಆಲ್ಕೋಹಾಲ್ ಏರಿದಷ್ಟು ಖಾರದ ಉರಿ ಜಾಸ್ತಿ, ಒಂದ ಕಡಿ ಕಡದು ಒಂದ ಗುಟುಕ ಹಾಕಿದ್ದಕ್ಕ ನಾಲಗಿ ಮ್ಯಾಲ ವೆನಿಲಾನೂ ಉಳೀಲಿಲ್ಲ ಮಣ್ಣೂ ಉಳೀಲಿಲ್ಲ, ಬರೇ ಉರಿ. ಗಿರ್ಮಿಟ್ಟಿನ ಹಸಿ ಉಳ್ಳಾಗಡ್ಡಿದೂ ಅದ ಹಣೇಬರ. ಹುರದ ಶೇಂಗಾ ನಡೀತು, ಅದು ಯಾವುದಕ್ಕ ನಡ್ಯಂಗಿಲ್ಲ ಹೇಳ್ರಿ.

ಅಷ್ಟೊತ್ತಿಗೆ ನಮ್ಮಾಕಿ, ಬಾಸ್ಟನ್ನಿಗೆ ಒಯ್ಯಾಕ ಅಂತ ಲೈನ್ ಬಜಾರಿಂದ ತರಿಸಿಟ್ಟಿದ್ದ ಪೇಡಾ ಡಬ್ಬಿ ತಂದಿಟ್ಟು, "ಅಣ್ಣಾರ, ಒಂದ ತಗೋರಿ, ಇನ್ನೊಂದು ಡಬ್ಬಿ ತರಿಸಿದ್ರಾತು" ಅಂದ್ಲು. ತಿಂದ ನೋಡ್ರಿ! ಧಾರವಾಡ ಪೇಡಾ ಅಂದ್ರ ಖವಾ ಕೆಂಪಗಾಗೂತನಕ ಹುರಿಯೂದ ಅದರ ಜೀವಾಳ, ಆ ಹುರದ ಹಾಲಿನ ರುಚಿ ಮ್ಯಾಲ ಓಕಿನ ವೆನಿಲಾ ಬಂದು ಕುಂತ್ರ ಎರಡೂ ಒಂದ ಮನ್ಯಾಗ ಹುಟ್ಟಿದ ಅಣ್ಣತಮ್ಮರಂಗ ಅನಸ್ತು. ಬಾಯಾಗ ಅಂಟಿಕೊಂಡ ಖವಾನ ಬಿಯರ್ರಿನ ಗ್ಯಾಸು ತೊಳಕೊಂಡು ಹೋಗ್ತದ, ಮತ್ತೊಂದು ಪೇಡಾಕ್ಕ ಜಾಗಾ ಆಗ್ತದ. ಇದನ್ನ ಊಟದ ಮೊದಲ ಕುಡಿಯೂದು ಬಿಟ್ಟು, ಊಟ ಮುಗದ ಮ್ಯಾಲ ಸಿಹಿ ಜೋಡಿ ಸಣ್ಣ ಗ್ಲಾಸಿನ್ಯಾಗ ಹಾಕ್ಕೊಂಡು ಕುಂದರಬೇಕು, ನನ್ನ ಅಭಿಪ್ರಾಯ ಇಷ್ಟ. ಥಂಡಿ ಕಡಿಮಿ ಆದಂಗ ಆದಂಗ ಕೊಬ್ಬರಿ ವಾಸನಿ ಎದ್ದ ಬಂತು, ಹಾರ್ಡ್‌ವೇರ್ ದೋಸ್ತ ಆಗ ಐಸ್ ಕೇಳೂದು ಬಿಟ್ಟ.

ರೊಕ್ಕದ ಲೆಕ್ಕಕ್ಕ ಮಾತ್ರ ಅಂವ ಒಪ್ಪಲಿಲ್ಲ, ಇಷ್ಟು ಡಾಲರ್ರಿಗೆ ಇಡೀ ಕೇಸ್ ಬರತಿತ್ತು ಅಂತ ಕಡೀತನಕ ಗೊಣಗಿದ. ಮುಕ್ಕಾಲು ಲೀಟರ್ ಬಾಟ್ಲಿ, ಮೂರು ಮಂದಿ, ತಲಿಗೆ 250 ಎಮ್ಮೆಲ್, ಅಂದ್ರ ಹೆಚ್ಚುಕಡಿಮಿ ಒಂದು ಲಾರ್ಜ್ ವಿಸ್ಕಿ ಕುಡದಂಗ. ಬೈಕ್ ಚಾವಿ ನಾವ ಕಸ್ಕೊಂಡ್ವಿ. ಉಳದ ಪೇಡಾ ಕಿಸೆದಾಗ ಹಾಕ್ಕೊಂಡು, ಜ್ಯುಬಿಲಿ ಸರ್ಕಲ್ಲಿನ್ಯಾಗ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ.