ಅಕ್ಕಾ, ಬೇಗ ಸೈಕ್ ಎನ್‌ಪಿ ಆಗೋ ದಾರಿ ಯಾವುದು?

ನನಗೆ ಬರುವ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಇದೇ ಪ್ರಶ್ನೆ. "ಅಕ್ಕಾ, ಬಿ.ಎಸ್ಸಿ. ನರ್ಸಿಂಗ್ ಮುಗೀತು. ನಿಮ್ಮ ಥರ ಅಮೆರಿಕದಲ್ಲಿ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್, ಅಂದ್ರೆ ಸೈಕ್ ಎನ್‌ಪಿ, ಆಗ್ಬೇಕು. ಬೇಗ ಆಗೋ ದಾರಿ ಯಾವ್ದು?" ಒಬ್ಬೊಬ್ಬರಿಗೂ ಬರೆದು ಸಾಕಾಯಿತು. ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಬೇಗ ಆಗುವ ದಾರಿ ಇದೆ. ಅದನ್ನು ಹಿಡಿಯಬೇಡಿ ಅನ್ನುವುದೇ ನನ್ನ ಉತ್ತರ.

ಮೊದಲು ಕೆಲಸ ಏನು ಅಂತ ನೋಡೋಣ. ರೋಗಿಯನ್ನು ಕೂರಿಸಿಕೊಂಡು ಮಾತಾಡುತ್ತೇನೆ, ಕಾಯಿಲೆ ಯಾವುದೆಂದು ಗುರುತಿಸುತ್ತೇನೆ, ಮಾತ್ರೆ ಬರೆಯುತ್ತೇನೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಲಿಥಿಯಂ ತಗೊಳ್ಳುವವರಿದ್ದರೆ ರಕ್ತದಲ್ಲಿ ಅದು ಎಷ್ಟಿದೆ ನೋಡಿ ಡೋಸ್ ಬದಲಿಸುತ್ತೇನೆ. ಊರಿಗೆ ಹೋದಾಗಲೆಲ್ಲ ನಮ್ಮ ದೊಡ್ಡಮ್ಮ ಕೇಳುತ್ತಾರೆ, "ಅಂದ್ರೆ ನೀನು ಡಾಕ್ಟರೋ, ನರ್ಸೋ?" ನರ್ಸೇ, ದೊಡ್ಡಮ್ಮ. ಮೇಲಿನ ಓದು ಓದಿ, ಔಷಧಿ ಬರೆಯುವ ಅಧಿಕಾರ ಪಡೆದ ನರ್ಸ್. 1965ರಲ್ಲಿ ಕೊಲೊರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರು ಸೇರಿ ಈ ಥರದ ಮೊದಲ ಕೋರ್ಸ್ ಶುರು ಮಾಡಿದರು.

ಆದರೆ ಈ ಅಧಿಕಾರ ಎಲ್ಲಾ ಕಡೆ ಒಂದೇ ಅಲ್ಲ. ನಾನಿರುವ ಟೆಕ್ಸಾಸ್‌ನಲ್ಲಿ ಡಾಕ್ಟರೊಬ್ಬರ ಜೊತೆ ಲಿಖಿತ ಒಪ್ಪಂದ ಇಲ್ಲದೆ ಮಾತ್ರೆ ಬರೆಯುವಂತಿಲ್ಲ. ಗಮನ ನಿಲ್ಲದ ಎಡಿಎಚ್‌ಡಿ ಸಮಸ್ಯೆಗೆ ಕೊಡುವ ಅಡೆರಾಲ್‌ನಂಥ ಮಾತ್ರೆಗಳನ್ನಂತೂ ಕ್ಲಿನಿಕ್‌ನಲ್ಲಿ ಕೂತು ನಾನು ಬರೆಯುವ ಹಾಗೇ ಇಲ್ಲ. ಗಡಿ ದಾಟಿ ಪಕ್ಕದ ನ್ಯೂ ಮೆಕ್ಸಿಕೋಗೆ ಹೋದರೆ ಇದೇ ಓದಿನ ನರ್ಸ್ ಯಾವ ಒಪ್ಪಂದವೂ ಇಲ್ಲದೆ ಸ್ವಂತ ಕ್ಲಿನಿಕ್ ನಡೆಸಬಹುದು. ಎಲ್ಲಿ ನೆಲೆಸುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ.

ದಾರಿ ಹೀಗಿದೆ. ಅಂಕಪಟ್ಟಿಗಳ ತಪಾಸಣೆ, ಇಂಗ್ಲಿಷ್ ಪರೀಕ್ಷೆ, ಎನ್‌ಕ್ಲೆಕ್ಸ್ ಎಂಬ ಇಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ, ಆಮೇಲೆ ವೀಸಾ. ಭಾರತದವರಿಗೆ ಗ್ರೀನ್ ಕಾರ್ಡ್ ಸರದಿ ವರ್ಷಗಟ್ಟಲೆ ಉದ್ದ ಇದೆ, ಏಜೆಂಟ್ ಏನೇ ಹೇಳಲಿ. ಆರ್‌ಎನ್, ಅಂದರೆ ಇಲ್ಲಿನ ನೋಂದಾಯಿತ ನರ್ಸ್, ಆದ ಮೇಲೆ ಇಲ್ಲಿನ ಮಾನ್ಯತೆ ಇರುವ ಕಾಲೇಜಿನಲ್ಲಿ ಸೈಕ್ ಎನ್‌ಪಿ ಕೋರ್ಸ್. ಅದು ಮಾಸ್ಟರ್ಸೂ ಆಗಬಹುದು, ಡಾಕ್ಟರೇಟೂ ಆಗಬಹುದು. ಕಡಿಮೆ ಅಂದರೂ 500 ಗಂಟೆ ರೋಗಿಗಳ ಜೊತೆ ತರಬೇತಿ, ಈಗ ಹಲವು ಕಾಲೇಜುಗಳು ಅದಕ್ಕಿಂತ ಜಾಸ್ತಿ ಕೇಳುತ್ತವೆ. ಕೊನೆಗೆ ಎಎನ್‌ಸಿಸಿಯಂಥ, ನರ್ಸ್‌ಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ಪರೀಕ್ಷೆ. ನಮ್ಮಲ್ಲಿ ಸೈಕಿಯಾಟ್ರಿಕ್ ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಮಾಡಿದ್ದರೂ ನೇರವಾಗಿ ಈ ಪರೀಕ್ಷೆಗೆ ಕೂರಲು ಆಗುವುದಿಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಈಗ ಆ ಬೇಗ ಆಗುವ ದಾರಿಯ ವಿಷಯ. ಸೈಕಿಯಾಟ್ರಿ ವಾರ್ಡಿನಲ್ಲಿ ಒಂದು ದಿನವೂ ಕೆಲಸ ಮಾಡದವರನ್ನೂ ಸೇರಿಸಿಕೊಳ್ಳುವ ಆನ್‌ಲೈನ್ ಕೋರ್ಸುಗಳಿವೆ. ಪದವಿ ಸಿಗುತ್ತದೆ, ಪರೀಕ್ಷೆಯೂ ಪಾಸಾಗಬಹುದು. ಆಮೇಲೆ ಎದುರಿಗೆ ಒಬ್ಬ ಮನುಷ್ಯ ಬಂದು ಕೂರುತ್ತಾನಲ್ಲ, ಆಗೇನು ಮಾಡುತ್ತೀರಿ?

ನಾನು ವಾರ್ಡಿನಲ್ಲಿ ಆರ್‌ಎನ್ ಆಗಿದ್ದಾಗಿನ ಒಂದು ನೈಟ್ ಡ್ಯೂಟಿ. ಹ್ಯಾಲೋಪೆರಿಡಾಲ್ ಎಂಬ ಮನೋರೋಗದ ಮಾತ್ರೆ ಶುರು ಮಾಡಿ ಮೂರ್ನಾಲ್ಕು ದಿನ ಆಗಿದ್ದ ಹುಡುಗ ಕಾರಿಡಾರ್ ತುಂಬಾ ಓಡಾಡುತ್ತಿದ್ದ. ಕೂತರೆ ತಕ್ಷಣ ಏಳುತ್ತಿದ್ದ. ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಊಟದ ಟ್ರೇ ಹಾಗೇ ಆರಿ ಹೋಗಿತ್ತು. ಚಾರ್ಟಿನಲ್ಲಿ 'ರೋಗಿ ಉದ್ರಿಕ್ತನಾಗಿದ್ದಾನೆ' ಎಂದು ಬರೆದಿತ್ತು. ಹಾಗೆ ಬರೆದರೆ ಮುಂದಿನ ಹೆಜ್ಜೆ ಗೊತ್ತಲ್ಲ, ಡೋಸ್ ಏರಿಸುವುದು. ನನ್ನ ಜೊತೆಗಿದ್ದ ಹಿರಿಯ ನರ್ಸ್ ಅವನನ್ನು ನಿಲ್ಲಿಸಲಿಲ್ಲ. ಪಕ್ಕದಲ್ಲೇ ನಡೆಯುತ್ತಾ ಕೇಳಿದರು, "ತಲೆ ಓಡ್ತಿದೆಯಾ, ಕಾಲು ಓಡ್ತಿದೆಯಾ?" ಅವನು ಅಂದ, "ಕಾಲು. ಒಳಗಿಂದ ಯಾರೋ ಎಳೀತಿದಾರೆ."

ಅದು ಅಕಥೀಸಿಯಾ, ಕೂರಲೂ ನಿಲ್ಲಲೂ ಬಿಡದ ಚಡಪಡಿಕೆ. ಕಾಯಿಲೆ ಜಾಸ್ತಿ ಆದದ್ದಲ್ಲ, ಮಾತ್ರೆಯ ಅಡ್ಡ ಪರಿಣಾಮ. ಡೋಸ್ ಏರಿಸಿದರೆ ಕಾಟವೂ ಏರುತ್ತದೆ. ಇಳಿಸಬೇಕು, ಅಥವಾ ಮಾತ್ರೆ ಬದಲಿಸಬೇಕು, ಬೇಕಿದ್ದರೆ ಈ ಚಡಪಡಿಕೆ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಸೇರಿಸಬೇಕು. ಇದೆಲ್ಲ ಪುಸ್ತಕದಲ್ಲೂ ಇದೆ, ಇಲ್ಲ ಅಂತಲ್ಲ. ಆದರೆ ಆ ನಡಿಗೆಯನ್ನು ರಾತ್ರಿಯಿಡೀ ನೋಡಿದವರಿಗೆ ವಿಡಿಯೋ ಕಾಲ್‌ನಲ್ಲಿ ಭುಜದ ಅಲುಗಾಟ ಕಂಡರೂ ಅನುಮಾನ ಬರುತ್ತದೆ. ಮಾತ್ರೆಯನ್ನು ದವಡೆಗೆ ಒತ್ತಿಟ್ಟುಕೊಂಡು ನುಂಗಿದೆ ಅನ್ನುವವರು, "ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಿದಾಗ ಸ್ವಲ್ಪ ತಡೆದು ಇಲ್ಲ ಅನ್ನುವವರು, ಇವರೆಲ್ಲರ ಪರಿಚಯ ಆಗುವುದೂ ವಾರ್ಡಿನಲ್ಲೇ. ಎರಡು ವರ್ಷವಾದರೂ ಅಲ್ಲಿರಿ. ಬಿ.ಎಸ್ಸಿ.ಯಲ್ಲಿ ಮಾಡಿದ ಕೆಲವು ವಾರಗಳ ಪೋಸ್ಟಿಂಗ್ ಲೆಕ್ಕಕ್ಕಿಲ್ಲ. ನಾನೂ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಮಾಡಿದ್ದೆ. ಆಸಕ್ತಿ ಹುಟ್ಟಿದ್ದು ಅಲ್ಲೇ, ಅನುಭವ ಬಂದದ್ದು ಆಮೇಲೆ.

ಸಂಬಳ? ಕೇಳದೇ ಇರುವವರಿಲ್ಲ, ತಪ್ಪೂ ಇಲ್ಲ. ಅಮೆರಿಕ ಸರ್ಕಾರದ ಲೆಕ್ಕದಲ್ಲಿ 2023ರಲ್ಲಿ ಎಲ್ಲಾ ಬಗೆಯ ನರ್ಸ್ ಪ್ರಾಕ್ಟೀಷನರ್‌ಗಳ ನಡುಮಟ್ಟದ ವರಮಾನ ವರ್ಷಕ್ಕೆ 1,26,260 ಡಾಲರ್. ಚೆನ್ನಾಗಿದೆ. ಫೀಸಿನ ಸಾಲ, ಇಲ್ಲಿನ ಬಾಡಿಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಊರು ಬಿಡಲು ಆಗದವರೂ ಬರೆಯುತ್ತಾರೆ. ಭಾರತದಲ್ಲಿ ಕ್ರಿಟಿಕಲ್ ಕೇರ್‌ಗೆ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಬಂದಿದೆ, ಆದರೆ ಸ್ವತಂತ್ರವಾಗಿ ಮಾತ್ರೆ ಬರೆಯುವ ಸೈಕ್ ಎನ್‌ಪಿ ಹುದ್ದೆ ನಮ್ಮಲ್ಲಿಲ್ಲ. ಹಾಗಂತ ಕೆಲಸ ಇಲ್ಲ ಅಂತಲ್ಲ. ಒಂದು ವರ್ಷದ ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಮಾಡಬಹುದು, ಎಂ.ಎಸ್ಸಿ. ಮಾಡಬಹುದು, ಎರಡಕ್ಕೂ ನಿಮ್ಹಾನ್ಸ್ ಇದೆ. 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದು ಅಂತ ನಿಮ್ಹಾನ್ಸ್‌ನವರು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿಯಲ್ಲೇ. ಇವತ್ತಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಅದೇ ಮಾದರಿಯಿಂದ. ಆ ತಂಡಗಳಲ್ಲಿ ಒಳ್ಳೆಯ ನರ್ಸ್‌ಗೆ ಕೈತುಂಬಾ ಕೆಲಸ ಇದೆ. ಸಂಬಳ ಮಾತ್ರ ಕಡಿಮೆ, ಅದನ್ನು ಮುಚ್ಚಿಡಲಾರೆ.

ಇಲ್ಲಿಗೇ ಬರುವವರಿಗೆ ಇನ್ನೊಂದು ಮಾತು. ಫೀಸ್ ಕಟ್ಟುವ ಮೊದಲು ಕಾಲೇಜಿಗೆ ಫೋನ್ ಮಾಡಿ. ತರಬೇತಿ ಕೊಡುವ ಪ್ರಿಸೆಪ್ಟರನ್ನು ನೀವೇ ಒದಗಿಸುತ್ತೀರೋ ಅಥವಾ ನಾನೇ ಹುಡುಕಿಕೊಳ್ಳಬೇಕೋ ಅಂತ ಕೇಳಿ. ಕಂಡ ಕಂಡ ಕ್ಲಿನಿಕ್‌ಗೆಲ್ಲ ಇಮೇಲ್ ಹಾಕಿ, ಕೊನೆಗೆ ದುಡ್ಡು ಕೊಟ್ಟು ಪ್ರಿಸೆಪ್ಟರ್ ಹಿಡಿಯುವ ವಿದ್ಯಾರ್ಥಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಸುತ್ತಿ ಬಳಸಿ ಉತ್ತರ ಕೊಟ್ಟರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆದುಬಿಡಿ.