ಜೀವಶಾಸ್ತ್ರ ಶುರುಮಾಡೋಕೆ ಒಂದು ರಾಗಿ ಹೊಲ ಸಾಕು

ಜೀವಶಾಸ್ತ್ರವನ್ನು ನಾವು ಮಕ್ಕಳಿಗೆ ತುಂಡು ತುಂಡಾಗಿ ಕೊಡುತ್ತೇವೆ. ಒಂದು ಪಾಠದಲ್ಲಿ ಪರಿಸರ ವ್ಯವಸ್ಥೆ, ಇನ್ನೊಂದರಲ್ಲಿ ಜೀವಕೋಶ, ಮುಂದಿನ ವರ್ಷ ಯಾವಾಗಲೋ ಪಿಷ್ಟ, ಪ್ರೊಟೀನು, ಕೊಬ್ಬು. ಇವೆಲ್ಲ ಒಂದೇ ಸಂಗತಿಯನ್ನು ದೂರದಿಂದ, ಹತ್ತಿರದಿಂದ, ಇನ್ನೂ ಹತ್ತಿರದಿಂದ ನೋಡಿದ್ದು ಅಂತ ಪರೀಕ್ಷೆಗೆ ಓದುವ ಹುಡುಗಿಗೆ ಗೊತ್ತಾಗುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಅದಕ್ಕೇ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುವಾಗ ನಾನು ಒಂದೇ ಗಿಡ ಹಿಡಿದುಕೊಂಡು ಹೊಲದಿಂದ ಶುರುಮಾಡಿ ಅಣುವಿನವರೆಗೆ ಇಳಿಯುತ್ತೇನೆ. ಆ ಗಿಡ ರಾಗಿ. ನಮ್ಮ ಕಡೆಯ ಮಕ್ಕಳು ಅದನ್ನು ನೋಡಿದ್ದಾರೆ, ತಿಂದಿದ್ದಾರೆ, ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿಂದ ತರೋದು?

ಮೊದಲು ಹೊಲ. ಕೋಲಾರ, ತುಮಕೂರು, ರಾಮನಗರದ ಕಡೆ ಮಳೆ ನಂಬಿಕೊಂಡು ಬಿತ್ತುವ ಕೆಮ್ಮಣ್ಣಿನ ಹೊಲದಲ್ಲಿ ಬರೀ ರಾಗಿ ಇರುವುದಿಲ್ಲ. ಹಳೆಯ ಪದ್ಧತಿಯವರು ಈಗಲೂ ಅಕ್ಕಡಿ ಸಾಲು ಹಾಕುತ್ತಾರೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ರಾಗಿಗೆ ಜೇನಿನ ಹಂಗಿಲ್ಲ, ಅದು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಎಲೆ ಮೇಯಲು ಮಿಡತೆ, ಮಿಡತೆ ಹಿಡಿಯಲು ಕಾಜಾಣ. ಒಂದು ಹಂತದಿಂದ ಮೇಲಿನ ಹಂತಕ್ಕೆ ಹೋಗುವಾಗ ಶಕ್ತಿಯ ಹೆಚ್ಚುಪಾಲು ಬಿಸಿಯಾಗಿ ಕಳೆದುಹೋಗುತ್ತದೆ, ಮೇಲಿನವರಿಗೆ ಸಿಗುವುದು ಸುಮಾರು ನೂರಕ್ಕೆ ಹತ್ತು ಪಾಲು ಅನ್ನುವುದು ಒಂದು ಒರಟು ಲೆಕ್ಕ. ಒಂದು ಹೊಲದಲ್ಲಿ ಮಿಡತೆ ಸಾವಿರಾರು, ಕಾಜಾಣ ಒಂದೋ ಎರಡೋ ಇರುವುದಕ್ಕೆ ಇದೇ ಕಾರಣ. ಶಕ್ತಿ ಹೀಗೆ ಬಂದು ಹೋಗಿಬಿಡುತ್ತದೆ, ಆದರೆ ಪದಾರ್ಥ ಸುತ್ತುತ್ತಲೇ ಇರುತ್ತದೆ. ರಾಗಿ ಹುಲ್ಲು ಹಸುವಿಗೆ, ಹಸುವಿನ ಗೊಬ್ಬರ ತಿಪ್ಪೆಗೆ, ತಿಪ್ಪೆಯಿಂದ ಮತ್ತೆ ಹೊಲಕ್ಕೆ.

ಅವರೆ ಗಿಡವನ್ನು ಮೆಲ್ಲಗೆ ಬೇರುಸಮೇತ ಎತ್ತಿ ನೋಡಿ. ಬೇರಲ್ಲಿ ಸಣ್ಣ ಗಂಟುಗಳಿರುತ್ತವೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಗಂಟನ್ನು ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಬಣ್ಣ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು, ಯಾಕೆಂದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಗಟ್ಟಿಯಾಗಿ ಕೂಡಿಕೊಂಡಿವೆ. ಗಂಟಿನೊಳಗಿನ ಬ್ಯಾಕ್ಟೀರಿಯಾಗಳ ಹತ್ತಿರ ಆ ಬಂಧ ಬಿಡಿಸುವ ಎಂಜೈಮ್, ಅಂದರೆ ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ಪ್ರೊಟೀನು, ಇದೆ. ಆದರೆ ಆಕ್ಸಿಜನ್ ತಾಗಿದರೆ ಆ ಎಂಜೈಮ್ ಕೆಡುತ್ತದೆ. ಹಾಗಾಗಿ ಆಕ್ಸಿಜನ್ನನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟೇ ಬಿಡುವ ಒಂದು ಪ್ರೊಟೀನು ಅಲ್ಲಿರುತ್ತದೆ, ಹೆಸರು ಲೆಗ್‌ಹಿಮೋಗ್ಲೋಬಿನ್. ಕೆಂಪು ಅದರದ್ದು. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ! ಅವರೆ ಬೇರಿನಲ್ಲೂ ನಮ್ಮ ಮೈಯಲ್ಲೂ ಒಂದೇ ಜಾತಿಯ ಪ್ರೊಟೀನು ಇದೆ ಅಂತ ಹೇಳಿದಾಗ ಮಕ್ಕಳ ಮುಖ ನೋಡಬೇಕು. ಹೀಗೆ ಹಿಡಿದ ಸಾರಜನಕ ಜಾಸ್ತಿ ಅವರೆಗೇ ಹೋಗುತ್ತದೆ. ಬೇರು, ಎಲೆ ಕೊಳೆತ ಮೇಲೆ ಮಣ್ಣಿಗೆ ಸೇರಿ ಮುಂದಿನ ಬೆಳೆಗೂ ಒಂದಿಷ್ಟು ಸಿಗುತ್ತದೆ.

ಈಗ ರಾಗಿಯ ಎಲೆಯೊಳಗೆ ಹೋಗೋಣ.

ಎಲೆಯಲ್ಲಿರುವ ಜೀವಕೋಶಗಳು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿದು ಸಕ್ಕರೆ ಮಾಡುತ್ತವೆ ಅನ್ನೋದು ಎಲ್ಲರಿಗೂ ಗೊತ್ತು. ಹಿಡಿಯುವ ಎಂಜೈಮಿನ ಹೆಸರು ರುಬಿಸ್ಕೋ. ಅದಕ್ಕೊಂದು ದೊಡ್ಡ ದೌರ್ಬಲ್ಯ ಇದೆ. ಕಾರ್ಬನ್ ಡೈಆಕ್ಸೈಡ್ ಹಿಡಿಯಬೇಕಾದ ಜಾಗದಲ್ಲಿ ಅದು ಆಗಾಗ ಆಕ್ಸಿಜನ್ ಹಿಡಿದುಬಿಡುತ್ತದೆ, ಬಿಸಿಲು ಏರಿದಷ್ಟೂ ಜಾಸ್ತಿ ಹಿಡಿಯುತ್ತದೆ. ಆಗ ಗಿಡ ಮಾಡಿಟ್ಟ ಗಳಿಕೆಯಲ್ಲೇ ಒಂದಿಷ್ಟು ಕಳೆದುಕೊಳ್ಳುತ್ತದೆ. ಭತ್ತಕ್ಕೆ ಈ ನಷ್ಟ ತಪ್ಪಿದ್ದಲ್ಲ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಮಾತ್ರ ಬೇರೆ ದಾರಿ ಕಂಡುಕೊಂಡಿವೆ. ಇವುಗಳ ಎಲೆಯಲ್ಲಿ ಎರಡು ಬಗೆಯ ಕೋಶಗಳು ಕೆಲಸ ಹಂಚಿಕೊಂಡಿವೆ. ಹೊರಗಿನ ಕೋಶಗಳಲ್ಲಿ ಬೇರೊಂದು ಎಂಜೈಮ್ ಇದೆ, ಅದು ಆಕ್ಸಿಜನ್ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಹಿಡಿದುಕೊಟ್ಟ ಕಾರ್ಬನ್ ನಾಲ್ಕು ಕಾರ್ಬನ್ನಿನ ಆಮ್ಲವಾಗಿ ಒಳಗಿನ ಕೋಶಗಳಿಗೆ ಹೋಗುತ್ತದೆ. ಎಲೆಯ ನರದ ಸುತ್ತ ಒತ್ತಾಗಿ ನಿಂತಿರುವ ಆ ಒಳಕೋಶಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗಿ ದಟ್ಟವಾಗುತ್ತದೆ, ರುಬಿಸ್ಕೋಗೆ ತಪ್ಪು ಹಿಡಿಯುವ ಅವಕಾಶ ತೀರಾ ಕಡಿಮೆ. ರಾಗಿಯಲ್ಲಿ ಈ ಒಳಕೋಶಗಳ ಕ್ಲೋರೋಪ್ಲಾಸ್ಟುಗಳು, ಅಂದರೆ ಸಕ್ಕರೆ ಮಾಡುವ ಹಸಿರು ಕಣಗಳು, ನರದ ಕಡೆಗೇ ಗುಂಪುಗೂಡಿ ಕೂತಿರುತ್ತವೆ. ಇದನ್ನು ಸಿ4 ಅಂತ ಕರೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಅನ್ನುವ ವಿಜ್ಞಾನಿಗಳು 1960ರ ದಶಕದಲ್ಲಿ ಕಬ್ಬಿನ ಎಲೆಯಲ್ಲಿ ಇದರ ಹಾದಿಯನ್ನು ಬಿಡಿಸಿ ತೋರಿಸಿದರು. ಕಾರ್ಬನ್ ಡೈಆಕ್ಸೈಡ್ ಹೀಗೆ ದಟ್ಟವಾಗಿ ಸಿಗುವುದರಿಂದ ಎಲೆಯ ರಂಧ್ರಗಳನ್ನು ಪೂರ್ತಿ ತೆರೆದಿಡಬೇಕಿಲ್ಲ, ನೀರು ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷವೂ ರಾಗಿ ತಡೆದುಕೊಳ್ಳುವುದಕ್ಕೆ ಇದು ಒಂದು ದೊಡ್ಡ ಕಾರಣ. ಮಳೆ, ಮಣ್ಣು, ಎಲೆ, ಕೋಶ, ಎಂಜೈಮ್ ಎಲ್ಲ ಇಲ್ಲಿ ಒಂದೇ ಮಾತಿನಲ್ಲಿ ಸಿಗುತ್ತವೆ, ಅಲ್ವಾ?

ಇನ್ನು ಎಲೆ ಮಾಡಿದ ಸಕ್ಕರೆ ಎಲ್ಲಿಗೆ ಹೋಯಿತು? ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಗ್ಲೂಕೋಸ್ ಅಂದರೆ ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್. ಇದನ್ನೇ ಸಾಲಾಗಿ ಜೋಡಿಸಿದರೆ ಕಾಳಿನಲ್ಲಿ ಪಿಷ್ಟ. ಇದನ್ನೇ ಜೋಡಿಸಿದರೆ ಹುಲ್ಲಿನಲ್ಲಿ ಸೆಲ್ಯುಲೋಸ್. ಎರಡರಲ್ಲೂ ಇರುವುದು ಬರೀ ಗ್ಲೂಕೋಸ್. ಮುಖ್ಯ ಫರಕು ಇರುವುದು ಒಂದಕ್ಕೊಂದು ಕೂಡುವ ಕೊಂಡಿಯ ದಿಕ್ಕಿನಲ್ಲಿ. ಪಿಷ್ಟದ ಕೊಂಡಿ ಒಂದು ಕಡೆಗೆ ಬಾಗಿರುವುದರಿಂದ ಸರಪಳಿ ಸುರುಳಿ ಸುತ್ತುತ್ತದೆ, ಎಂಜೈಮಿಗೆ ಸುಲಭವಾಗಿ ಸಿಗುತ್ತದೆ. ಸೆಲ್ಯುಲೋಸ್ ಸರಪಳಿ ನೆಟ್ಟಗೆ ನಿಂತು, ಪಕ್ಕದ ಸರಪಳಿಗಳ ಜೊತೆ ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡು ಗಟ್ಟಿ ನಾರಾಗುತ್ತದೆ. ನಮ್ಮ ಹೊಟ್ಟೆಯ ಎಂಜೈಮುಗಳಿಗೆ ಮೊದಲನೆಯದು ಮಾತ್ರ ಬಿಡಿಸಲು ಬರುತ್ತದೆ. ಹಾಗಾಗಿ ಕಾಳು ನಮಗೆ, ಹುಲ್ಲು ಹಸುವಿಗೆ. ಹಸುವಿಗಾದರೂ ಸ್ವಂತ ಎಂಜೈಮ್ ಇಲ್ಲ, ಅದರ ಮೆಲುಕು ಹೊಟ್ಟೆಯಲ್ಲಿ ವಾಸ ಮಾಡುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಒಂದು ರಾಗಿ ಗಿಡವನ್ನು ಮನುಷ್ಯ ಮತ್ತು ಹಸು ಜಗಳವಿಲ್ಲದೆ ಹಂಚಿಕೊಂಡಿರುವುದು ಒಂದು ರಾಸಾಯನಿಕ ಕೊಂಡಿಯ ದೆಸೆಯಿಂದ!

ಕುದಿಯುವ ನೀರಿಗೆ ಹಿಟ್ಟು ಹಾಕಿ ತೊಳಸಿದಾಗ ಪಿಷ್ಟದ ಸಣ್ಣ ಕಣಗಳು ನೀರು ಕುಡಿದು ಉಬ್ಬಿ ಒಡೆದು ಒಂದಕ್ಕೊಂದು ಅಂಟುತ್ತವೆ, ಮುದ್ದೆಯಾಗುತ್ತದೆ. ಮುದ್ದೆ ಅಗಿಯಬಾರದು, ನುಂಗಬೇಕು ಅಂತಾರೆ. ನುಂಗಿದರೆ ಎಂಜಲಿನ ಎಂಜೈಮಿಗೆ ಸಮಯ ಸಿಗುವುದಿಲ್ಲ, ಆದರೂ ತೊಂದರೆಯಿಲ್ಲ, ಪಿಷ್ಟವನ್ನು ಬಿಡಿಸುವ ಮುಖ್ಯ ಕೆಲಸ ಆಗುವುದೇ ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿ ಕಳಿಸುವ ಎಂಜೈಮಿನಿಂದ. ಅಲ್ಲಿಂದ ಗ್ಲೂಕೋಸ್ ರಕ್ತಕ್ಕೆ, ರಕ್ತದಿಂದ ಜೀವಕೋಶಕ್ಕೆ, ಕೋಶದೊಳಗೆ ಅರ್ಧ ಮುರಿದದ್ದು ಮೈಟೋಕಾಂಡ್ರಿಯಾಕ್ಕೆ. ಅಲ್ಲಿ ನಾವು ಉಸಿರಾಡಿದ ಆಕ್ಸಿಜನ್ ಬಳಸಿ ಅದನ್ನು ಪೂರ್ತಿ ಮುರಿದು ಎಟಿಪಿ ಅನ್ನುವ ಅಣುವಿನ ರೂಪದಲ್ಲಿ ಶಕ್ತಿ ತೆಗೆಯಲಾಗುತ್ತದೆ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಅಂತ ಗಾದೆ ಇದೆಯಲ್ಲ, ಆ ಬಲ ಹುಟ್ಟುವ ಜಾಗ ಇದು. ಉಳಿದ ಕಾರ್ಬನ್ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಗೆ ಬಿಡುತ್ತೇವೆ.

ಪ್ರೊಟೀನಿನ ಮಾತೂ ಹೇಳಬೇಕು. ರಾಗಿಯಲ್ಲಿ ಪ್ರೊಟೀನು ನೂರಕ್ಕೆ ಏಳು ಪಾಲಿನಷ್ಟು. ಪ್ರೊಟೀನು ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ರಾಗಿಯಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಮೆತಿಯೋನಿನ್ ಪರವಾಗಿಲ್ಲ. ಅವರೆ, ತೊಗರಿಯಲ್ಲಿ ಇದಕ್ಕೆ ಉಲ್ಟಾ. ಮುದ್ದೆಗೆ ಅವರೆಕಾಳು ಸಾರು ಹಾಕಿಕೊಂಡರೆ ಎರಡರ ಕೊರತೆಯೂ ತುಂಬುತ್ತದೆ. ಅಕ್ಕಡಿ ಸಾಲಿನಲ್ಲಿ ಅಕ್ಕಪಕ್ಕ ಬೆಳೆದದ್ದೇ ತಟ್ಟೆಯಲ್ಲೂ ಅಕ್ಕಪಕ್ಕ. ಕೊಬ್ಬಿಗೆ ಹುಚ್ಚೆಳ್ಳು ಚಟ್ನಿ ಇದ್ದೇ ಇದೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಅಂತೂ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಇನ್ನು ರಾಗಿಯ ಕೋಶದ ನ್ಯೂಕ್ಲಿಯಸ್‌ನೊಳಗೆ ಇಣುಕಿದರೆ ವಂಶವಾಹಿಗಳನ್ನು ಹೊತ್ತ 36 ಕ್ರೋಮೋಸೋಮುಗಳು, ಒಂಬತ್ತರಂತೆ ನಾಲ್ಕು ಸೆಟ್. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿತು. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮತ್ತೆ ನೆಂಟಸ್ತನ ಮಾಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹೂವುಗಳಲ್ಲಿ ಆ ಕೆಲಸ ಮಾಡುವುದಕ್ಕೆ ಎಷ್ಟು ತಾಳ್ಮೆ ಬೇಕು ಯೋಚಿಸಿ. ಅವರ ಹೆಸರು ಶಾಲೆಯ ಮಕ್ಕಳಿಗೆ ಗೊತ್ತಿರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ ಹೇಳುತ್ತೇನೆ. ರಾಗಿ ಹಿಟ್ಟಿನ ತೆಳು ಗಂಜಿ ಕಾಯಿಸಿ, ಉಗುರು ಬೆಚ್ಚಗಾಗುವ ತನಕ ಆರಿಸಿ, ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಒಂದು ಚಮಚ ಸೇರಿಸಿ, ಇನ್ನೊಂದನ್ನು ಹಾಗೇ ಬಿಡಿ. ಅರ್ಧ ಗಂಟೆಯೊಳಗೆ ಮೊಳಕೆ ಹಿಟ್ಟಿನ ಗಂಜಿ ನೀರುನೀರಾಗುತ್ತದೆ, ಯಾಕೆಂದರೆ ಮೊಳಕೆಯೊಡೆಯುವಾಗ ಕಾಳು ತನ್ನ ಪಿಷ್ಟವನ್ನು ತಾನೇ ಕತ್ತರಿಸಲು ಅಮೈಲೇಸ್ ಎಂಜೈಮ್ ತಯಾರಿಸಿಕೊಂಡಿರುತ್ತದೆ. ಎಳೆಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡುವುದರಲ್ಲಿ ಇದೇ ಜಾಣತನ ಇದೆ, ಗಂಜಿ ದಪ್ಪ ಆಗದ ಕಾರಣ ಅಷ್ಟೇ ಬಟ್ಟಲಿನಲ್ಲಿ ಜಾಸ್ತಿ ಹಿಟ್ಟು ಹಿಡಿಸುತ್ತದೆ. ಎರಡೂ ಲೋಟದಿಂದ ಒಂದೊಂದು ಚಮಚ ಬೇರೆ ತೆಗೆದು ಅಯೋಡಿನ್ ಹನಿ ಹಾಕಿದರೆ ಹಾಗೇ ಬಿಟ್ಟದ್ದು ಕಡುನೀಲಿಯಾಗುತ್ತದೆ, ಇನ್ನೊಂದರಲ್ಲಿ ಬಣ್ಣ ಮಂಕಾಗಿರುತ್ತದೆ. ಅಯೋಡಿನ್ ಹಾಕಿದ್ದನ್ನು ಚೆಲ್ಲಿಬಿಡಿ. ಗಂಜಿ ಕುದಿಯುವಾಗ ಮಾತ್ರ ಮೊಳಕೆ ಹಿಟ್ಟು ಹಾಕಬೇಡಿ, ಎಂಜೈಮ್ ಕೂಡ ಪ್ರೊಟೀನೇ ತಾನೇ, ಆ ಬಿಸಿಗೆ ಅದರ ಆಕಾರ ಕೆಟ್ಟು ಏನೂ ನಡೆಯುವುದಿಲ್ಲ.